ಕಾವಲಿಯ ಮುಂದೆ

ಜಪಾನು ದೇಶದ ಪಟ್ಟಣಗಳಲ್ಲಿ ಒಂದು ಬಗೆಯ ಚಿಕ್ಕ ಊಟದ ಮನೆಗಳುಂಟು. ಏಳೆಂಟು ಜನ ಕುಳಿತರೆ ಮನೆ ತುಂಬಿಹೋಗುತ್ತದೆ. ಮೇಜು ಇರಬೇಕಾದ ಜಾಗದಲ್ಲಿ ಉದ್ದನೆಯ ಒಂದು ಕಬ್ಬಿಣದ ಹಲಗೆ. ಅದರ ಕೆಳಗೆ ಬೆಂಕಿ. ಹಲಗೆಯ ಈಚೆಗೆ ಉಣ್ಣುವವರು, ಆಚೆಗೆ ಅಡಿಗೆಯವನು. ಮಾಂಸವೋ ಮೀನೋ ಕಾಯಿಪಲ್ಯವೋ, ಏನಿದ್ದರೂ ಅವನು ಅದನ್ನು ಅತಿಥಿಯ ಕಣ್ಣೆದುರಿಗೇ ಹೆಚ್ಚಿ, ಅತಿಥಿಯ ಕಣ್ಣೆದುರಿಗೇ ಸುಟ್ಟು, ಬಿಸಿ ಆರುವ ಮೊದಲು ಅವರ ಮುಂದೆ ಸರಿಸುತ್ತಾನೆ. ಇದಕ್ಕೆ ಅವರು ಕೊಟ್ಟಿರುವ ಹೆಸರು ತೆಪ್ಪನ್‌ಯಾಕಿ. ತೆಪ್ಪನ್ ಎಂದರೆ ಕಬ್ಬಿಣದ ಹಲಗೆ, ಯಾಕಿ ಎಂದರೆ ಸುಟ್ಟದ್ದು. ಈಚಿನ ವರ್ಷಗಳಲ್ಲಿ ಬೆಂಗಳೂರಿಗೂ ಈ ಪದ್ಧತಿ ಬಂದಿದೆ. ಅಲ್ಲಿ ಒಮ್ಮೆ ಉಂಡು ಬಂದ ನಾನು ಚನ್ನಗಿರಿಯ ಸ್ನೇಹಿತರೊಬ್ಬರ ಮುಂದೆ ಅದನ್ನು ಬಣ್ಣಿಸಿದಾಗ ಅವರು ಶಾಂತವಾಗಿ ಎಲ್ಲವನ್ನೂ ಕೇಳಿ, "ಇಷ್ಟಕ್ಕೆ ಅಷ್ಟು ದುಡ್ಡು ಕೊಟ್ಟಿರಾ? ನಮ್ಮೂರ ಬಸ್‌ಸ್ಟ್ಯಾಂಡಿನ ಹತ್ತಿರ ಬಂದಿದ್ದರೆ ಒಂದು ದೋಸೆಯ ಬೆಲೆಯಲ್ಲಿ ಮುಗಿಯುತ್ತಿತ್ತಲ್ಲ" ಎಂದರು.

ಮೊದಲು ನಕ್ಕೆ. ಆಮೇಲೆ ಯೋಚಿಸಿದಷ್ಟೂ ಅವರ ಮಾತಿನಲ್ಲಿ ಹುರುಳಿದೆ ಎನಿಸಿತು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕೂರುಗಳ ಯಾವ ಬಸ್ ನಿಲ್ದಾಣದಲ್ಲಿ ಇಳಿದರೂ ಹತ್ತು ಹೆಜ್ಜೆಯೊಳಗೆ ಒಂದು ದೋಸೆಯ ಹೋಟೆಲು ಸಿಕ್ಕುತ್ತದೆ. ಒಳಗೆ ನಾಲ್ಕು ಬೆಂಚು. ಬಾಗಿಲ ಪಕ್ಕದಲ್ಲಿಯೇ, ರಸ್ತೆಗೆ ಕಾಣುವಂತೆ, ಮಣ್ಣಿನಲ್ಲಿ ಕಟ್ಟಿದ ಒಲೆ. ಒಲೆಯ ಮೇಲೆ ದಪ್ಪ ಕಬ್ಬಿಣದ ಕಾವಲಿ. ದೋಸೆ ಹುಯ್ಯುವವನ ಬೆನ್ನು ಗೋಡೆಗೆ, ಮುಖ ಗಿರಾಕಿಗೆ. ಈ ಏರ್ಪಾಡು ತಾನಾಗಿಯೇ ಹೀಗಾಯಿತೆಂದು ತಿಳಿಯಬಾರದು. ಅದಕ್ಕೊಂದು ಚರಿತ್ರೆಯಿದೆ.

ಹೆಸರಿನಿಂದಲೇ ಹೊರಡೋಣ. ಕಾವಲಿ ಎಂಬುದು ಅಚ್ಚ ಕನ್ನಡದ ಮಾತು. ಕಾಯ್, ಕಾವು ಎಂಬ ಬಿಸಿಯ ಪದಗಳ ಕುಲಕ್ಕೆ ಸೇರಿದ್ದು, ಕಾಯುವುದರಿಂದ ಕಾವಲಿ. ದನ ಮೇಯುವ ಹುಲ್ಲುಗಾವಲಿನ 'ಕಾವಲು' ಬೇರೆ. ಅದು ರಕ್ಷಿಸು ಎಂಬರ್ಥದ 'ಕಾ' ಧಾತುವಿನಿಂದ ಬಂದದ್ದು. ಆದರೆ ಬೆಣ್ಣೆದೋಸೆಯ ಕಥೆಯಲ್ಲಿ ಈ ಎರಡೂ ಪದಗಳು ಎದುರುಬದುರಾಗುತ್ತವೆ, ಅದನ್ನು ಮುಂದೆ ಹೇಳುತ್ತೇನೆ. ಕಬ್ಬಿಣಕ್ಕೆ ಮೊದಲು ಇದ್ದದ್ದು ಮಣ್ಣು. ಮನೆಯ ಮಾಡಿಗೆ ಹೊದಿಸುವುದೂ ಹೆಂಚು, ರೊಟ್ಟಿ ಸುಡುವುದೂ ಹೆಂಚು ಎಂದು ನಮ್ಮ ಜನ ಇಂದಿಗೂ ಅನ್ನುತ್ತಾರಲ್ಲ, ಆ ಮಾತಿನಲ್ಲಿ ಹಳೆಯ ಅಡಿಗೆಮನೆಯೊಂದು ಉಳಿದುಕೊಂಡಿದೆ.

ದೋಸೆಯೂ ಹಳೆಯದೇ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಸುಮಾರು 1129ರಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದ ಅನ್ನಭೋಗದ ಭಾಗದಲ್ಲಿ 'ಧೋಸಕ' ಎಂಬ ತಿಂಡಿಯ ಮಾತಿದೆ. ಅದು ರುಬ್ಬಿದ ಬೇಳೆಯ ಹಿಟ್ಟನ್ನು ಎಣ್ಣೆ ಸವರಿದ ಕಾದ ಹಂಚಿನ ಮೇಲೆ ಹುಯ್ದು ಮಾಡುವಂಥದು, ಅಕ್ಕಿಯ ಸೋಂಕಿಲ್ಲ. ಇದಕ್ಕೂ ಇನ್ನೂರು ವರ್ಷ ಹಿಂದೆ, 'ವಡ್ಡಾರಾಧನೆ'ಯಲ್ಲಿ ಇಡ್ಡಲಿಗೆಯ ಹೆಸರು ಬಂದಿದೆ. ಆದರೆ ಇವೆಲ್ಲ ಅರಮನೆಯ, ಇಲ್ಲವೇ ಉಳ್ಳವರ ಮನೆಯ ಭಕ್ಷ್ಯಗಳು. ಉಚ್ಚಂಗಿಯ ಪಾಂಡ್ಯರ ಕಾಲದಲ್ಲಿ ಜಗಳೂರ ಕಡೆಯ ಬೇಸಾಯಗಾರ ಬೆಳಗಾಗೆದ್ದು ದೋಸೆ ತಿನ್ನುತ್ತಿದ್ದನೆಂದು ಯಾರಾದರೂ ಬರೆದರೆ ನಾನಂತೂ ನಂಬುವವನಲ್ಲ. ಅವನದು ಜೋಳ, ಸಾವೆ, ನವಣೆ. ದುಡ್ಡು ತೆತ್ತು, ಬೀದಿಯಲ್ಲಿ ಕುಳಿತು, ಪರಿಚಯವಿಲ್ಲದವರ ಪಕ್ಕದಲ್ಲಿ ತಿನ್ನುವ ದೋಸೆ ತೀರ ಈಚಿನದು. ಜಪಾನೀಯರದೂ ಅಷ್ಟೆ. ತೆಪ್ಪನ್‌ಯಾಕಿಯನ್ನು ಪುರಾತನವೆಂದು ಭಾವಿಸುವವರುಂಟು. ನಿಜವಾಗಿ ಈ ಬಗೆಯ ಮೊದಲ ಹೋಟೆಲು ಎನ್ನಿಸಿಕೊಂಡ ಮಿಸೋನೊ, ಕೋಬೆ ಪಟ್ಟಣದಲ್ಲಿ ಪ್ರಾರಂಭವಾದದ್ದು 1945ರಲ್ಲಿ, ಯುದ್ಧದಲ್ಲಿ ಊರು ಸುಟ್ಟುಹೋದ ವರ್ಷ. ಸೋತ ದೇಶಕ್ಕೆ ಬಂದಿದ್ದ ಅಮೆರಿಕದ ಸೈನಿಕರಿಗೆ ಈ ಕಣ್ಣೆದುರಿನ ಅಡಿಗೆ ಹಿಡಿಸಿತು. 1964ರಲ್ಲಿ ಅದು ಬೆನಿಹಾನಾ ಎಂಬ ಹೋಟೆಲಿನ ಮೂಲಕ ನ್ಯೂಯಾರ್ಕನ್ನೂ ಸೇರಿತು. ಇತ್ತ ಬಡವರ ಪಾಲಿಗೆ, ಅಮೆರಿಕದಿಂದ ಬಂದ ಗೋಧಿಹಿಟ್ಟನ್ನು ಕಲಸಿ, ಎಲೆಕೋಸು ಸೇರಿಸಿ, ಅದೇ ಕಬ್ಬಿಣದ ಹಲಗೆಯ ಮೇಲೆ ಹುಯ್ದು ತಿನ್ನುವ ಒಕೊನೊಮಿಯಾಕಿ ಹಿರೋಷಿಮಾದಲ್ಲಿಯೂ ಒಸಾಕದಲ್ಲಿಯೂ ಬೀದಿಬೀದಿಗೆ ಹರಡಿತು. ಗಂಡನನ್ನು ಕಳೆದುಕೊಂಡ ಎಷ್ಟೋ ಹೆಂಗಸರು ಮನೆಯ ಮುಂಬಾಗಿಲಲ್ಲಿ ಒಂದು ಹಲಗೆಯಿಟ್ಟು ಬದುಕು ಕಟ್ಟಿಕೊಂಡರು.

ನಮ್ಮ ಕಡೆಯ ಕಥೆಯೂ ಒಬ್ಬ ಹೆಂಗಸಿನಿಂದಲೇ ಮೊದಲಾಗುತ್ತದೆ. ಅದನ್ನು ದಾವಣಗೆರೆಯಲ್ಲಿ ಹೀಗೆ ಹೇಳುತ್ತಾರೆ. 1928ರಲ್ಲಿ ಚೆನ್ನಮ್ಮ ಎಂಬ ಹೆಣ್ಣುಮಗಳು ಬೆಳಗಾವಿಯ ಕಡೆಯಿಂದ ಮಕ್ಕಳನ್ನು ಕಟ್ಟಿಕೊಂಡು ದಾವಣಗೆರೆಗೆ ಬಂದಳು. ಸವಳಗಿಯವರ ನಾಟಕದ ಥಿಯೇಟರಿನ ಎದುರಿಗೆ ಒಲೆ ಹೂಡಿ ದೋಸೆ ಹುಯ್ಯತೊಡಗಿದಳು. ಅದು ರಾಗಿಯ ಹಿಟ್ಟಿನ ದೋಸೆ. ಜೊತೆಗೆ ಚಟ್ನಿ, ಆಲೂಗೆಡ್ಡೆಯ ಪಲ್ಯ. ನಾಟಕ ಬಿಟ್ಟಾಗ ಹೊರಬರುವ ಜನ, ಬಣ್ಣ ಅಳಿಸಿಕೊಂಡು ಬರುವ ನಟರು ಅವಳ ಗಿರಾಕಿಗಳು. ಹತ್ತು ವರ್ಷದ ಮೇಲೆ, 1938ರ ಸುಮಾರಿಗೆ, ಮಕ್ಕಳು ಕೈಗೆ ಬಂದು ರಾಗಿಯನ್ನು ಬಿಟ್ಟು ಅಕ್ಕಿ, ಉದ್ದಿನಬೇಳೆ, ಮಂಡಕ್ಕಿಗಳನ್ನು ರುಬ್ಬಿ, ಮೇಲೆ ಬೆಣ್ಣೆ ಹಾಕಿದರು. 1944ರ ಹೊತ್ತಿಗೆ ಬೀದಿಯ ಒಲೆ ಹೋಟೆಲಾಯಿತು.

ಈ ಹತ್ತು ವರ್ಷಗಳಲ್ಲಿ ದಾವಣಗೆರೆಯಲ್ಲಿ ಇನ್ನೊಂದು ದೊಡ್ಡ ಸಂಗತಿ ನಡೆದಿತ್ತು. ಹೈದರಾಲಿಯು ಆಪ್ಪಾಜಿರಾಮನೆಂಬ ಮರಾಠ ಸರದಾರನಿಗೆ ಜಹಗೀರು ಕೊಟ್ಟಂದಿನಿಂದ ಅದು ವರ್ತಕರ ಊರು. ರೈಲು ಬಂದಮೇಲೆ ಹತ್ತಿಯ ಪೇಟೆಯಾಯಿತು. 1936ರಲ್ಲಿ ದಾವಣಗೆರೆ ಕಾಟನ್ ಮಿಲ್ಲು ಹುಟ್ಟಿತು. ಬೇರೆ ಗಿರಣಿಗಳು ಹಿಂಬಾಲಿಸಿದವು. ಪಾಳಿಯ ಮೇಲೆ ಕೆಲಸ ಮಾಡುವ ಸಾವಿರಾರು ಜನ. ರಾತ್ರಿಯ ಪಾಳಿ ಮುಗಿಸಿ ಬೆಳಗಿನ ಜಾವಕ್ಕೆ ಹೊರಬೀಳುವ ಕೂಲಿಕಾರನಿಗೆ ಬೇಕಾದದ್ದು ಮೂರು: ಬಿಸಿ, ಬೇಗ, ಅಗ್ಗ. ಮನೆಯಲ್ಲಿ ಆ ಹೊತ್ತಿಗೆ ಒಲೆ ಹೊತ್ತಿರುವುದಿಲ್ಲ. ಬೆಣ್ಣೆದೋಸೆ ಗಿರಣಿಯ ಸಿಳ್ಳಿನ ಜೊತೆಗೆ ಬೆಳೆದ ತಿಂಡಿಯೆಂದರೆ ಅತಿಶಯೋಕ್ತಿಯಾಗದು. ಆ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ದೋಸೆ ಉಳಿದುಕೊಂಡಿತು.

ಅಕ್ಕಿಯ ಮಾತು ಬಂತು. ರಾಗಿ ಹೋಗಿ ಅಕ್ಕಿ ಬಂದದ್ದು ರುಚಿಯ ಒಂದೇ ಪ್ರಶ್ನೆಯಲ್ಲ. ಆಗ ಈ ಸೀಮೆಯಲ್ಲಿ ಅಕ್ಕಿ ಹಬ್ಬದ ಧಾನ್ಯ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ಕೆಳಗೆ, ಹೊಳೆಯ ದಂಡೆಯ ಕೆಲವು ಕಡೆ ಬತ್ತ ಬೆಳೆಯುತ್ತಿತ್ತು. ಶಾಂತಿಸಾಗರವೆಂದು ಈಗ ಕರೆಯುವ ಆ ಕೆರೆಯ ಹಿರಿಮೆ ನೋಡಿದವರಿಗೇ ಗೊತ್ತು. ಉಳಿದ ಅಕ್ಕಿ ಮಲೆನಾಡಿನ ಕಡೆಯಿಂದ ಇಳಿದು ಬರಬೇಕಾಗಿತ್ತು. ನ್ಯಾಮತಿ ಅಂಥ ವ್ಯಾಪಾರದ ಊರು, ಒಂದು ಕಾಲು ಮಲೆನಾಡಿನಲ್ಲಿ, ಒಂದು ಕಾಲು ಬಯಲಿನಲ್ಲಿ. ಲಕ್ಕವಳ್ಳಿಯಲ್ಲಿ ಭದ್ರಾ ನದಿಗೆ ಅಣೆಕಟ್ಟು ಕಟ್ಟುವ ಕೆಲಸ 1947ರಲ್ಲಿ ಪ್ರಾರಂಭವಾಗಿ 1965ರಲ್ಲಿ ಮುಗಿಯಿತು. ಕಾಲುವೆಯ ನೀರು ಹರಿದ ಮೇಲೆ ಚನ್ನಗಿರಿ, ಹೊನ್ನಾಳಿ, ದಾವಣಗೆರೆ, ಹರಿಹರದ ಬಯಲುಗಳು ಹಸಿರಾಗಿ, ಅಕ್ಕಿ ದಿನದ ಊಟವಾಯಿತು. ಬೆಳಗಿನ ದೋಸೆ ಯಾರಿಗೂ ದೊಡ್ಡಸ್ತಿಕೆಯಾಗಿ ಉಳಿಯಲಿಲ್ಲ. ಜಗಳೂರಿಗೆ ಆ ಕಾಲುವೆ ತಲುಪಲಿಲ್ಲ. ಅದು ಮಳೆಯ ಮುಖ ನೋಡುವ ಸೀಮೆ. ಭದ್ರಾ ಮೇಲ್ದಂಡೆಯ ಯೋಜನೆಯಲ್ಲಿ ಅದರ ಹೆಸರು ಸೇರಿದೆ. ಅಲ್ಲಿಯ ಹೋಟೆಲಿನಲ್ಲಿ ಕುಳಿತು ದೋಸೆ ಮುರಿಯುವಾಗ, ಈ ಅಕ್ಕಿ ಬೇರೊಂದು ತಾಲ್ಲೂಕಿನ ನೀರನ್ನು ಕುಡಿದು ಬಂದದ್ದು ಎಂಬುದು ನನಗೆ ನೆನಪಾಗದೆ ಹೋಗುವುದಿಲ್ಲ.

ಆದರೆ ಬಯಲುಸೀಮೆಯವರು ಬೆಣ್ಣೆಯ ವಿಷಯದಲ್ಲಿ ತಲೆಯೆತ್ತಿ ಮಾತನಾಡಬಹುದು. ಇಲ್ಲಿಯೇ ಕಾವಲು ಕಾವಲಿಯನ್ನು ಸಂಧಿಸುವುದು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿಯೇ ಮೈಸೂರು ಅರಮನೆಗೆ 'ಬೆಣ್ಣೆ ಚಾವಡಿ' ಎಂಬ ಒಂದು ಇಲಾಖೆಯಿತ್ತು. ಅರಮನೆಗೆ ಹಾಲು ಬೆಣ್ಣೆ ಒದಗಿಸುವ ದನಗಳ ಹಿಂಡು ಅದರ ಕೈಯಲ್ಲಿ. ಅದಕ್ಕೆ 'ಅಮೃತಮಹಲ್' ಎಂದು ಹೆಸರಿಟ್ಟವನು ಟಿಪ್ಪು ಸುಲ್ತಾನ. ಹೆಸರಿನಲ್ಲಿ ಬೆಣ್ಣೆಯಿದ್ದರೂ ಆ ತಳಿ ಕೀರ್ತಿ ಪಡೆದದ್ದು ಫಿರಂಗಿ ಎಳೆಯುವುದರಲ್ಲಿ! ಅದರ ಕಾವಲುಗಳು ಚಿತ್ರದುರ್ಗ, ಕಡೂರು ಸೀಮೆಗಳಲ್ಲಿ ಹಬ್ಬಿದ್ದವು. ದೋಸೆಗೆ ಬಂದ ಬೆಣ್ಣೆ ಸರ್ಕಾರದ ಕಾವಲಿನದಲ್ಲ. ಅದು ಹಳ್ಳಿಯ ಹೆಂಗಸರು ಎಮ್ಮೆಯ ಮೊಸರು ಕಡೆದು, ಉಂಡೆ ಕಟ್ಟಿ, ನೀರಿನ ಪಾತ್ರೆಯಲ್ಲಿ ತೇಲಿಸಿ ಸಂತೆಗೆ ಹೊತ್ತು ತಂದ ಬಿಳಿಯ ಬೆಣ್ಣೆ. ಮನೆಯ ಗಂಡಸು ಕೇಳದ, ಲೆಕ್ಕ ಹೇಳಬೇಕಿಲ್ಲದ ದುಡ್ಡು ಅವರಿಗೆ ಇದೊಂದೇ. ಮಕ್ಕಳ ಪಾಟಿ, ತವರಿಗೆ ಹೋಗುವ ಬಸ್ಸಿನ ಚಾರ್ಜು, ಬಳೆ, ಇವೆಲ್ಲ ಬೆಣ್ಣೆಯಿಂದ ಹುಟ್ಟಬೇಕು. ಈಗ ಹಾಲು ಬೆಳಗ್ಗೆಯೇ ಡೈರಿಗೆ ಹೋಗುತ್ತದೆ. ಕಡೆಯುವ ಸದ್ದು ಹಳ್ಳಿಗಳಲ್ಲಿ ಕಡಿಮೆಯಾಗಿದೆ.

ಇನ್ನು ಕೆಲಸದ ಬಗೆ. ಗಿರಾಕಿ ಕಣ್ಣಿಟ್ಟು ನೋಡಬೇಕಾದದ್ದು ಇದನ್ನೇ. ಕಾವಲಿಗೆ ಮೊದಲು ತೆಂಗಿನ ಕಡ್ಡಿಯ ಪೊರಕೆಯಿಂದ ನೀರು ಎರಚುತ್ತಾನೆ. ಕಾವು ಸಾಲದಿದ್ದರೆ ನೀರು ಅಲ್ಲಿಯೇ ಕುದಿದು ಆರುತ್ತದೆ. ಕಾವು ಮೀರಿದ್ದರೆ ಹನಿಗಳು ಪಾದರಸದಂತೆ ಉರುಳಾಡುತ್ತವೆ. ಹನಿಗೂ ಕಬ್ಬಿಣಕ್ಕೂ ನಡುವೆ ಉಗಿಯ ಒಂದು ತೆಳುಪದರ ಹುಟ್ಟಿ ಹನಿಯನ್ನು ಎತ್ತಿ ಹಿಡಿಯುವುದೇ ಅದಕ್ಕೆ ಕಾರಣ. ಹದಿನೆಂಟನೆಯ ಶತಮಾನದಲ್ಲಿ ಲೈಡೆನ್‌ಫ್ರಾಸ್ಟ್ ಎಂಬ ಜರ್ಮನ್ ವೈದ್ಯ ಇದನ್ನು ವಿವರಿಸಿ ಪುಸ್ತಕ ಬರೆದ. ನಮ್ಮ ದೋಸೆಯವನು ಪುಸ್ತಕ ಓದದೆ ಆ ಕಾವನ್ನು ಗುರುತಿಸಿ, ಇನ್ನೊಂದಿಷ್ಟು ನೀರೆರಚಿ ಕಬ್ಬಿಣವನ್ನು ಹದಕ್ಕೆ ಇಳಿಸುತ್ತಾನೆ. ಆಮೇಲೆ ಒರೆಸುವುದು, ಹಿಟ್ಟು ಹುಯ್ದು ಸೌಟಿನ ತಳದಿಂದ ಒಳಗಿನಿಂದ ಹೊರಗೆ ಸುತ್ತುವುದು. ಕಾಗದದಷ್ಟು ತೆಳ್ಳಗೆ ಎಳೆಯುವುದಿಲ್ಲ. ಅಂಗೈಗಿಂತ ಸ್ವಲ್ಪ ದೊಡ್ಡದು, ತಳ ಗರಿ, ಮೇಲೆ ಮೆತು. ಬೆಣ್ಣೆಯನ್ನು ಬರಿ ಕಾವಲಿಗೆ ಹಾಕುವವನು ಇನ್ನೂ ಕಲಿಯಬೇಕಾದವನು. ಬೆಣ್ಣೆಯಲ್ಲಿ ನೀರಿನ ಅಂಶವೂ ಹಾಲಿನ ಅಂಶವೂ ಇರುವುದರಿಂದ ಅಷ್ಟು ಕಾವಿಗೆ ಅದು ಕರಿದಾಗಿ ಕಹಿಯಾಗುತ್ತದೆ. ಹಿಟ್ಟು ಹರಡಿ ಮೇಲೆ ಕಣ್ಣು ಬಿಟ್ಟ ಮೇಲೆ ಬೆಣ್ಣೆ ಬೀಳಬೇಕು; ಕರಗಿ ಆ ಕಣ್ಣುಗಳೊಳಗೆ ಇಳಿದು, ತಳವನ್ನು ಸೇರಿ, ಅಂಚಿನಲ್ಲಿ ನೊರೆಯಾಡಬೇಕು. ಆಗ ಹುಟ್ಟುವ ವಾಸನೆ ಬಸ್ಸನ್ನು ತಪ್ಪಿಸುತ್ತದೆ. ಕಬ್ಬಿಣ ದಪ್ಪವಾಗಿದ್ದಷ್ಟೂ ಕಾವನ್ನು ಹಿಡಿದಿಟ್ಟುಕೊಳ್ಳುತ್ತದೆ; ತಣ್ಣನೆಯ ಹಿಟ್ಟು ಬಿದ್ದರೂ ಕುಗ್ಗುವುದಿಲ್ಲ. ಜಪಾನೀಯರ ಹಲಗೆ ದಪ್ಪವಾಗಿರುವುದೂ ಇದಕ್ಕೇ.

ಜೊತೆಗೆ ಕೊಡುವ ಪಲ್ಯ ಬಿಳಿಯದು, ಸಪ್ಪೆ ಎನ್ನುವಷ್ಟು ಸಾದಾ, ಚಟ್ನಿ ಕಾಯಿಯದು. ಸಾಂಬಾರು ಕೇಳುವವರು ಹೊರಗಿನವರು. ಬೆಣ್ಣೆದೋಸೆ, ಖಾಲಿದೋಸೆ, ಓಪನ್ ದೋಸೆ ಎಂದು ಕೂಗುವ ಹೆಸರುಗಳು ಬೇರೆಯಾದರೂ ಹಿಟ್ಟು ಒಂದೇ.

ಈಗ, ಆ ಕಾವಲಿ ಹೋಟೆಲಿನ ಮುಂಬಾಗಿಲಿಗೆ ಬಂದದ್ದು ಹೇಗೆ ಎಂಬ ವಿಷಯ. ಇದೇ ಈ ಚರಿತ್ರೆಯ ತಿರುಳು. ಹೋಟೆಲು ಎಂಬುದು ನಮ್ಮ ಊರುಗಳಿಗೆ ಬಂದಾಗ ಅಡಿಗೆಮನೆ ಹಿಂದೆ, ಗೋಡೆಯ ಆಚೆಗೆ ಇತ್ತು. ಯಾರ ಕಣ್ಣು ಅಡಿಗೆಯ ಮೇಲೆ ಬೀಳಬಹುದು, ಯಾರದು ಬೀಳಬಾರದು ಎಂಬ ಲೆಕ್ಕ ಅದರ ಹಿಂದೆ ಇತ್ತು. 'ಬ್ರಾಹ್ಮಣರ ಫಲಾಹಾರ ಮಂದಿರ', 'ಲಿಂಗಾಯತ ಖಾನಾವಳಿ' ಎಂಬ ಬೋರ್ಡುಗಳು ಮಾಡುವವನ ಜಾತಿಯನ್ನು ಹೇಳುತ್ತಿದ್ದವು. ತಿನ್ನುವವನ ಜಾತಿಯನ್ನು ಬೆಂಚುಗಳು ಹೇಳುತ್ತಿದ್ದವು. ಒಳಗೆ ಒಂದು ಸಾಲು, ಹೊರಗೆ ಒಂದು ಸಾಲು, ಇನ್ನೂ ಹೊರಗೆ ಗೋಡೆಯ ಗೂಟಕ್ಕೆ ಸಿಕ್ಕಿಸಿದ ಬೇರೆ ಲೋಟ. ಬೀದಿಯ ದೋಸೆಯ ಒಲೆಗೆ ಈ ಗೋಡೆಯೇ ಇರಲಿಲ್ಲ. ಚೆನ್ನಮ್ಮನಂಥವರು ಥಿಯೇಟರಿನ ಮುಂದೆ ಹೂಡಿದ ಒಲೆಯನ್ನು ದಾರಿಹೋಕರೆಲ್ಲ ನೋಡಿದರು. ಆ ಒಲೆ ಹೋಟೆಲಾದಾಗ ಒಲೆಯ ಜಾಗ ಬದಲಾಗದೆ, ಅದರ ಹಿಂದೆ ಕಟ್ಟಡ ಎದ್ದಿತು. ದೋಸೆಯ ಹೋಟೆಲುಗಳಲ್ಲಿ ಇಂದಿಗೂ ಕಾವಲಿ ಬಾಗಿಲಲ್ಲಿರುವುದಕ್ಕೆ ನನಗೆ ತೋರುವ ಕಾರಣ ಇದು. ಗಿರಾಕಿಯನ್ನು ಸೆಳೆಯುವುದಕ್ಕೆ ಎಂದು ಮಾಲೀಕರು ಹೇಳುತ್ತಾರೆ; ಅದೂ ಸುಳ್ಳಲ್ಲ.

ನೋಡುವ ಹಕ್ಕು ಸಿಕ್ಕಿದಷ್ಟು ಸುಲಭವಾಗಿ ಕೂರುವ ಹಕ್ಕು ಸಿಕ್ಕಲಿಲ್ಲ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ಅನುಚ್ಛೇದ ಅಂಗಡಿ, ಹೋಟೆಲುಗಳಿಗೆ ಎಲ್ಲರಿಗೂ ಪ್ರವೇಶವುಂಟು ಎಂದಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಅದನ್ನು ತಡೆದವನಿಗೆ ಆರು ತಿಂಗಳವರೆಗೆ ಸಜೆ, ಇಲ್ಲವೇ ಐನೂರು ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಎಂದು ವಿಧಿಸಿತು. ಗೂಟದ ಮೇಲಿನ ಲೋಟ ಕಾಯಿದೆ ಓದಿರಲಿಲ್ಲ. ಹರಿಹರದಲ್ಲಿ ಹುಟ್ಟಿ ಭದ್ರಾವತಿಯಲ್ಲಿ ಅಧ್ಯಾಪಕರಾಗಿದ್ದ ಪ್ರೊಫೆಸರ್ ಬಿ. ಕೃಷ್ಣಪ್ಪನವರು 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದ ಮೇಲೆ, ಈ ಸೀಮೆಯ ಎಷ್ಟೋ ಊರುಗಳಲ್ಲಿ ಹುಡುಗರು ಒಳಗೆ ಹೋಗಿ ಕುಳಿತು, ಎಲ್ಲರ ಲೋಟದಲ್ಲಿಯೇ ಚಹಾ ಕೊಡಿ ಎಂದು ಕೇಳಿದರು. ಕೇಳಲು ಎಷ್ಟು ಎದೆ ಬೇಕಾಗಿತ್ತು ಎಂಬುದು ಕೇಳಬೇಕಾಗದೆ ಕುಡಿದವರಿಗೆ ತಿಳಿಯದು.

ಈ ನಡುವೆ ರೇಡಿಯೋ ಒಂದು ವಿಚಿತ್ರ ಸೇವೆ ಮಾಡಿತು. 1965ರಲ್ಲಿ ಭದ್ರಾವತಿಯ ಆಕಾಶವಾಣಿ ಕೇಂದ್ರ ಆರಂಭವಾದ ಕಾಲಕ್ಕೆ ಮನೆಯಲ್ಲಿ ರೇಡಿಯೋ ಇದ್ದವರು ಊರಿಗೆ ಬೆರಳೆಣಿಕೆ. ಲೈಸೆನ್ಸು ಬೇರೆ ಬೇಕಾಗಿತ್ತು. ಹೋಟೆಲಿನ ಗಲ್ಲಾಪೆಟ್ಟಿಗೆಯ ಮೇಲೆ ಒಂದಿರುತ್ತಿತ್ತು. ವಾರ್ತೆಯ ವೇಳೆಗೆ ಒಳಗಿನ ಬೆಂಚಿನವರೂ ಹೊರಗಿನ ಕಟ್ಟೆಯವರೂ ಒಂದೇ ಕಡೆಗೆ ಕಿವಿಗೊಟ್ಟು ನಿಲ್ಲುತ್ತಿದ್ದರು. ಧ್ವನಿಗೆ ಬೇರೆ ಲೋಟ ಮಾಡುವುದು ಯಾರಿಗೂ ಸಾಧ್ಯವಾಗಲಿಲ್ಲ.

ಈ ನಾಲ್ಕೂರುಗಳು ಒಂದೇ ಜಿಲ್ಲೆಗೆ ಸೇರಿದ್ದು ಮೊನ್ನೆಮೊನ್ನೆ. 1997ರ ಆಗಸ್ಟ್ 15ರವರೆಗೆ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು; ಹೊನ್ನಾಳಿಯ ಹೋಬಳಿಯಾಗಿದ್ದ ನ್ಯಾಮತಿ ತಾಲ್ಲೂಕಾದದ್ದು 2018ರಲ್ಲಿ. ಕಚೇರಿಗಳು ಎರಡು ದಿಕ್ಕಿಗೆ ಎಳೆಯುತ್ತಿದ್ದ ಆ ದಿನಗಳಲ್ಲಿಯೂ ಅಡಿಕೆಯ ಗಾಡಿ, ಹತ್ತಿಯ ಗಾಡಿ, ಮದುವೆಯ ಜವಳಿ ಎಲ್ಲ ದಾವಣಗೆರೆಗೇ ಹೋಗುತ್ತಿದ್ದುವು. ಹೋದವರು ದೋಸೆ ತಿಂದು ಬಂದರು. ಕೆಲವರು ಅಲ್ಲಿಯೇ ಹಿಟ್ಟು ರುಬ್ಬುವ ಕೆಲಸಕ್ಕೆ ನಿಂತು, ಕೈ ಪಳಗಿಸಿಕೊಂಡು, ತಮ್ಮೂರಿಗೆ ಬಂದು ಒಲೆ ಹೂಡಿದರು. ದಾವಣಗೆರೆಯ ಹೆಸರಿನ ದೋಸೆ ಚನ್ನಗಿರಿಗೂ ಜಗಳೂರಿಗೂ ಹಾಗೆ ಬಂದಿತು. ಜಿಲ್ಲೆಯ ಗಡಿ ಹಾಕುವವರು ದೋಸೆಯವರನ್ನು ಮೊದಲೇ ಕೇಳಿದ್ದರೆ ಅರ್ಧ ಶ್ರಮ ಉಳಿಯುತ್ತಿತ್ತೇನೋ.

ಕಳೆದ ವರ್ಷ ನ್ಯಾಮತಿಯ ಕಡೆಯ ಹಿರಿಯರೊಬ್ಬರ ಜೊತೆ ಇಂಥದೊಂದು ಹೋಟೆಲಿನಲ್ಲಿ ಕುಳಿತಿದ್ದೆ. ಎಂಬತ್ತರ ಹತ್ತಿರದವರು, ನಿವೃತ್ತ ಉಪಾಧ್ಯಾಯರು. ಯಾವ ಊರಿನ ಯಾವ ಹೋಟೆಲೆಂಬುದು ಬೇಡ. ಅವರು ಕಾವಲಿಗೆ ತೀರ ಹತ್ತಿರದ ಬೆಂಚನ್ನೇ ಹುಡುಕಿ ಕುಳಿತರು. "ಸೆಕೆಯಾಗುವುದಿಲ್ಲವೇ ಮೇಷ್ಟ್ರೇ?" ಎಂದೆ.

"ಆಗಲಿ. ಈ ಜಾಗಕ್ಕೆ ಬರೋದಕ್ಕೆ ನನಗೆ ಹದಿನೆಂಟು ವರ್ಷ ಹಿಡಿಯಿತು" ಎಂದರು.

ಅವರ ತಂದೆ ಇಂಥದೇ ಒಂದು ಹೋಟೆಲಿಗೆ ಸೌದೆ ಒಡೆದು ಹಾಕುತ್ತಿದ್ದರಂತೆ. ಹಿತ್ತಲ ಕಡೆಯಿಂದ ಬಂದು, ಹೊರೆ ಇಳಿಸಿ, ಹಿತ್ತಲ ಕಡೆಯಿಂದಲೇ ಹೋಗಬೇಕು. ಹಬ್ಬದ ದಿನ ಹುಡುಗನಿಗೂ ಸೇರಿ ಎರಡು ದೋಸೆಯನ್ನು ಮುತ್ತುಗದ ಎಲೆಯಲ್ಲಿ ಮೇಲಿನಿಂದ ಬಿಡುತ್ತಿದ್ದರು. ಅಪ್ಪ ತಂದ ಸೌದೆಯ ಬೆಂಕಿಯಲ್ಲಿ ಬೆಂದ ದೋಸೆ. ಆದರೆ ಬೇಯುವುದನ್ನು ಇಬ್ಬರೂ ನೋಡಿರಲಿಲ್ಲ. ಓದಿ, ಕೆಲಸ ಸಿಕ್ಕಿ, ಮೊದಲ ಸಂಬಳದ ದಿನ ಇವರು ಅದೇ ಹೋಟೆಲಿನ ಮುಂಬಾಗಿಲಿಂದ ಹೋಗಿ ಕಾವಲಿಯ ಪಕ್ಕದಲ್ಲಿ ಕುಳಿತರು. ಯಾರೂ ಏಳಿಸಲಿಲ್ಲ. ದೋಸೆ ಹುಯ್ಯುತ್ತಿದ್ದ ಮುದುಕ ಮಾಲೀಕ ಬಹಳ ಹೊತ್ತು ಮುಖ ನೋಡಿ, "ಯಾವೂರಾತು ನಿಮ್ಮದು? ಯಾರ ಮಗ?" ಎಂದು ಕೇಳಿದ. ಇವರು ತಂದೆಯ ಹೆಸರು ಹೇಳಿದರು.

"ಏನೆಂದ?" ಎಂದು ಕೇಳಿದೆ.

"ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, 'ಸೌದೆ ಚೆನ್ನಾಗಿ ಒಣಗಿದ್ದೇ ತರ್ತಿದ್ದ' ಅಂದ. ಬೆಣ್ಣೆ ಒಂದು ಉಂಡೆ ಜಾಸ್ತಿ ಹಾಕಿದ. ದುಡ್ಡು ಪೂರ್ತಿ ತಗೊಂಡ."

ಅಷ್ಟರಲ್ಲಿ ನಮ್ಮ ಸರದಿ ಬಂದಿತ್ತು. ಹುಡುಗ ಪೊರಕೆ ಅದ್ದಿ ನೀರೆರಚಿದ; ಕಾವಲಿ ಚುಂಯ್ ಎಂದಿತು. ಮೇಷ್ಟ್ರು ಮಾತು ನಿಲ್ಲಿಸಿ ಅತ್ತ ತಿರುಗಿ, ಅವನ ಕೈಯನ್ನೇ ನೋಡುತ್ತ ಕುಳಿತರು.